ಅನುಮತಿ ಒಂದು, ಒಡೆಯರು ಹಲವರು

ಬ್ರೌಸರ್‌ಗೆ ಎಕ್ಸ್‌ಟೆನ್ಷನ್‌ ಹಾಕಿಕೊಳ್ಳುವಾಗ ಹೆಚ್ಚಿನವರು ನೋಡುವುದು ಅದಕ್ಕೆ ಸಿಕ್ಕ ನಕ್ಷತ್ರಗಳನ್ನು. ನಾನು ಮೊದಲು ನೋಡುವುದು ಅದರ ಒಡೆಯರು ಯಾರು, ಅವರ ಹೊಟ್ಟೆಪಾಡು ಹೇಗೆ ನಡೆಯುತ್ತದೆ ಎಂಬುದನ್ನು.

‘ಸ್ಟೈಲಿಶ್‌’ ಕಥೆಯನ್ನೇ ತೆಗೆದುಕೊಳ್ಳಿ. ಜಾಲತಾಣಗಳ ಬಣ್ಣ, ಅಕ್ಷರ, ಜೋಡಣೆಯನ್ನು ನಮಗೆ ಬೇಕಾದಂತೆ ಬದಲಿಸಿಕೊಡುತ್ತಿದ್ದ ಸೊಗಸಾದ ಎಕ್ಸ್‌ಟೆನ್ಷನ್‌ ಅದು. ಯಾವ ಪುಟಕ್ಕಾದರೂ ಬಣ್ಣ ಹಚ್ಚಬೇಕೆಂದರೆ ಎಲ್ಲ ಪುಟಗಳನ್ನೂ ಓದುವ, ತಿದ್ದುವ ಅನುಮತಿ ಬೇಕೇ ಬೇಕು. ಜನ ನಂಬಿ ಕೊಟ್ಟಿದ್ದರು. ಮುಂದೆ ಅದು ಜಾಲತಾಣಗಳ ಭೇಟಿಯ ಲೆಕ್ಕವನ್ನೇ ವ್ಯಾಪಾರ ಮಾಡಿಕೊಂಡ ಸಿಮಿಲರ್‌ವೆಬ್‌ ಕಂಪನಿಯ ಪಾಲಾಯಿತು. 2018ರ ಜುಲೈನಲ್ಲಿ ರಾಬರ್ಟ್‌ ಹೀಟನ್‌ ಎಂಬ ಪ್ರೋಗ್ರಾಮರ್‌ ಅದರ ಬೆನ್ನು ಹತ್ತಿ ನೋಡಿದರೆ, ಬಳಕೆದಾರ ತೆರೆದ ಪುಟಗಳ ಪೂರ್ಣ ವಿಳಾಸಗಳು ಒಂದು ಗುರುತು ಸಂಖ್ಯೆಯ ಜೊತೆ ಕಂಪನಿಯ ಸರ್ವರ್‌ಗೆ ಹೋಗುತ್ತಿದ್ದವು. ಪೂರ್ಣ ವಿಳಾಸವೆಂದರೆ ಸಣ್ಣ ಮಾತಲ್ಲ. ಹುಡುಕಿದ ಪದ, ಪಾಸ್‌ವರ್ಡ್‌ ಬದಲಿಸುವ ಕೊಂಡಿ, ಯಾವ ಕಾಯಿಲೆಯ ಬಗ್ಗೆ ಓದಿದಿರಿ ಎಂಬುದು, ಎಲ್ಲವೂ ಅದರಲ್ಲೇ ಇರುತ್ತದೆ. ಮೊಜಿಲ್ಲಾ ಮತ್ತು ಗೂಗಲ್‌ ಎರಡೂ ಅದನ್ನು ತಮ್ಮ ಅಂಗಡಿಯಿಂದ ಕಿತ್ತುಹಾಕಿದವು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಎಕ್ಸ್‌ಟೆನ್ಷನ್‌ ಹೊಸ ಅನುಮತಿ ಕೇಳಿದರೆ ಕ್ರೋಮ್‌ ನಮ್ಮನ್ನು ಎಚ್ಚರಿಸುತ್ತದೆ. ಹಳೆಯ ಅನುಮತಿಯಲ್ಲೇ ಹೊಸ ಕೆಲಸ ಶುರುಮಾಡಿದರೆ ಎಚ್ಚರಿಕೆಯಿಲ್ಲ. ಅಪ್‌ಡೇಟ್‌ ತಾನಾಗಿ ಬಂದು ಕೂರುತ್ತದೆ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಬಳಕೆದಾರರಿದ್ದ ‘ದಿ ಗ್ರೇಟ್‌ ಸಸ್ಪೆಂಡರ್‌’ ಎಂಬ ಎಕ್ಸ್‌ಟೆನ್ಷನ್‌ 2020ರಲ್ಲಿ ಮಾರಾಟವಾಯಿತು. ಕೊಂಡವರು ಯಾರೆಂದು ಬಳಕೆದಾರರಿಗೆ ತಿಳಿಯಲಿಲ್ಲ. 2021ರ ಫೆಬ್ರವರಿಯಲ್ಲಿ ಅದರಲ್ಲಿ ಕೇಡಿನ ಕೋಡ್‌ ಇದೆಯೆಂದು ಗೂಗಲ್‌ ಅದನ್ನು ತೆಗೆದುಹಾಕಿತು. ಒಡೆಯ ಬದಲಾದಾಗ ಬಳಕೆದಾರನನ್ನು ಮತ್ತೆ ಕೇಳಲೇಬೇಕೆಂಬ ನಿಯಮ ಬರಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಹೆಸರಾಂತ ಕಂಪನಿಯಾದರೆ ಭಯವಿಲ್ಲ ಎನ್ನುವಂತೆಯೂ ಇಲ್ಲ. ಕಾವಲು ಕಾಯುವ ಅವಾಸ್ಟ್‌ ಕಂಪನಿಯೇ ಎಕ್ಸ್‌ಟೆನ್ಷನ್‌ ಮತ್ತು ಆಂಟಿವೈರಸ್‌ ಮೂಲಕ ಕೂಡಿಟ್ಟ ಮಾಹಿತಿಯನ್ನು ಮಾರಿದೆಯೆಂದು ಅಮೆರಿಕದ ವ್ಯಾಪಾರ ಆಯೋಗ ಆರೋಪಿಸಿತು. 2024ರಲ್ಲಿ ಕಂಪನಿ 1.65 ಕೋಟಿ ಡಾಲರ್‌ ತೆರಲು ಒಪ್ಪಿತು.

ಇದೇ ಲೋಕದಲ್ಲಿ ರೇಮಂಡ್‌ ಹಿಲ್‌ ಅವರಂಥವರೂ ಇದ್ದಾರೆ. ಜಾಹೀರಾತು ತಡೆಯುವ ಅವರ ಎಕ್ಸ್‌ಟೆನ್ಷನ್‌ ಯುಬ್ಲಾಕ್‌ ಒರಿಜಿನ್‌ಗೂ ಎಲ್ಲ ಪುಟಗಳನ್ನು ಓದುವ ಅನುಮತಿ ಬೇಕು. ಆದರೆ ಕೋಡ್‌ ಪೂರ್ತಿ ಬಯಲಲ್ಲಿದೆ, ಬಳಕೆದಾರರ ಮಾಹಿತಿಯನ್ನು ಕೂಡಿಡುವುದಿಲ್ಲ, ದೇಣಿಗೆಯನ್ನೂ ಅವರು ಬೇಡವೆನ್ನುತ್ತಾರೆ. ಇಂಥ ದುಡಿಮೆಯ ಬಗ್ಗೆ ನನಗೆ ಅಪಾರ ಗೌರವ. ಇನ್ನು ಸ್ಟೈಲಿಶ್‌ ಬಿಟ್ಟವರಿಗೆ, ಅದರ ಹಳೆಯ ಕೋಡ್‌ನಿಂದಲೇ ಕವಲೊಡೆದ ‘ಸ್ಟೈಲಸ್‌’ ಇದೆ.

ನಿಮ್ಮ ಬ್ರೌಸರ್‌ನಲ್ಲಿರುವ ಎಕ್ಸ್‌ಟೆನ್ಷನ್‌ಗಳ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. ಬಳಸದೇ ಇರುವುದನ್ನು ತೆಗೆದುಹಾಕಿ. ಉಳಿದವುಗಳಲ್ಲಿ ಸಾಧ್ಯವಿದ್ದವಕ್ಕೆ, ಕ್ಲಿಕ್‌ ಮಾಡಿದಾಗ ಮಾತ್ರ ಪುಟ ಓದುವಂತೆ ಅನುಮತಿಯನ್ನು ಬಿಗಿಮಾಡಿ. ಕ್ರೋಮ್‌ನಲ್ಲಿ ಅದಕ್ಕೆ ಅವಕಾಶವಿದೆ.