ವೀರಬಾಹು ಕಂಬಳಿ ಕೊಡವಿದ ಮೇಲೆ

‘ಸತ್ಯ ಹರಿಶ್ಚಂದ್ರ’ ನಾಟಕಕ್ಕೆ ಈ ಸಲ ನಾವೂ ಕೇರಿಯ ಹುಡುಗರೊಂದಿಗೆ ಹೋಗಿದ್ದೆವು. ಹುಡುಗರು ನಿದ್ದೆಗೆಟ್ಟು ಕಾದದ್ದು ರಾಜನಿಗಲ್ಲ, ವೀರಬಾಹುವಿಗೆ. 1965ರ ಸಿನಿಮಾದಲ್ಲಿ ಎಂ.ಪಿ. ಶಂಕರ್ ಆ ಪಾತ್ರ ಮಾಡಿದಾಗಿಂದ ಅವನು ನಮ್ಮವನು. ರಾಜನನ್ನೇ ಕೊಂಡ ಹೊಲೆಯ, ಸಣ್ಣ ಮಾತಾ? ಶಿಳ್ಳೆ ಬಿದ್ದವು.

ಬೆಳಗಿನ ಜಾವ ಅದೇ ವೀರಬಾಹು ಕಂಬಳಿ ಕೊಡವಿ, ಕಿರೀಟ ಇಟ್ಟು ಯಮಧರ್ಮನಾಗಿ ನಿಂತ! ಇದು ನಾಟಕದ ಮೇಷ್ಟ್ರ ಕಿತಾಪತಿಯಲ್ಲ. ಮಾರ್ಕಂಡೇಯ ಪುರಾಣದಲ್ಲೇ ಚಂಡಾಲನ ವೇಷ ಹಾಕಿದವನು ಧರ್ಮ. ಅಂದರೆ ರಾಜ ಹೊಲೆಯನ ಆಳಾಗಲೇ ಇಲ್ಲ, ದೇವರ ಆಳಾಗಿದ್ದ. ಅವನ ಮೈಲಿಗೆ ಕಳೀತು. ಹಾಗಾದರೆ ನಮ್ಮ ಹೊಲೆಯ ಎಲ್ಲಿ ಹೋದ? ರಾಜನಿಗೆ ಸುಡುಗಾಡು ಒಂದು ಪರೀಕ್ಷೆ, ಪಾಸಾದರೆ ಅಯೋಧ್ಯೆ. ನಮ್ಮಪ್ಪಂದಿರು ಹೆಣ ಸುಟ್ಟ ಪರೀಕ್ಷೆಗೆ ರಿಸಲ್ಟೇ ಬರಲಿಲ್ಲ.

13ನೇ ಶತಮಾನದ ರಾಘವಾಂಕ ಇದಕ್ಕಿಂತ ಎದೆಗಾರ. ಅವನ ಕಾವ್ಯದ ಹೊಲತಿಯರು ವಿಶ್ವಾಮಿತ್ರನ ಸೃಷ್ಟಿಯೇ, ನಿಜ. ಆದರೂ ವಾದಕ್ಕೆ ನಿಲ್ಲುತ್ತಾರೆ: ಹಾಡು ಕೇಳುವಾಗ ಆಗದ ಮೈಲಿಗೆ, ಕಣ್ತುಂಬ ನೋಡುವಾಗ ಆಗದ ಮೈಲಿಗೆ, ಮುಟ್ಟಿದರೆ ಮಾತ್ರ ಹೇಗೆ ಅಂಟುತ್ತದೆಂದು. ರಾಜ ಉತ್ತರ ಹೇಳಲಾರದೆ ಹೊಡೆಸುತ್ತಾನೆ. ನಾವು ಕಂಡ ಆಟದಲ್ಲಿ ಆ ಇಬ್ಬರು ಒಂದು ಕುಣಿತ ಕುಣಿದು ಒಳಗೆ ಹೋದರು. ವಾದ ಮಾಯ.

ಹಾರ್ಮೋನಿಯಂ ಚೆನ್ನಾಗಿತ್ತು. ಚಂದ್ರಮತಿಯ ಗಂಟಲೂ.

ಹಳ್ಳಿಯ ಮೇಷ್ಟ್ರುಗಳೇ, ಶಾಲೆಯಲ್ಲಿ ಇದನ್ನು ಆಡಿಸುವಿರಾದರೆ ಹೊಲತಿಯರ ವಾದ ಪೂರ್ತಿ ಇರಲಿ. ವೀರಬಾಹು ಕೊನೆತನಕ ಕಂಬಳಿಯಲ್ಲೇ ಇರಲಿ. ರಾಜ ಅವನೆದುರು ಕೈಕಟ್ಟಿ ನಿಂತಿರುವಾಗಲೇ ಪರದೆ ಬೀಳಲಿ.