ಕೆಂಪು ತ್ರಿಕೋನ ಹೇಳಿತು, ಕೇಳಿಸಿಕೊಂಡಿತೇ?

ತಲೆಕೆಳಗಾದ ಕೆಂಪು ತ್ರಿಕೋನವನ್ನು ನೀವು ಆರೋಗ್ಯ ಕೇಂದ್ರಗಳ ಗೋಡೆಯ ಮೇಲೆ ನೋಡಿರುತ್ತೀರಿ. ಮೈಸೂರು ಸಂಸ್ಥಾನವು 1930ರಲ್ಲಿಯೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಅನುಮತಿ ನೀಡಿತ್ತು. ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 1952ರಲ್ಲಿ. 'ಚಿಕ್ಕ ಕುಟುಂಬ' ಎಂಬ ಸಂದೇಶವನ್ನು ಮನೆಮನೆಗೆ ಮುಟ್ಟಿಸುವುದರಲ್ಲಿ ಅದು ಗೆದ್ದಿತು. ಆದರೆ ಘೋಷಣೆ ಬಾನುಲಿಯ ಪ್ರಸಾರವಿದ್ದಂತೆ; ಕೇಳುಗನ ಉತ್ತರ ಮರಳಿ ಬರುವುದಿಲ್ಲ. ಸೇವೆ ನೀಡುವ ಕೊಠಡಿಯಲ್ಲಿ ಬೇಕಾದದ್ದು ಎರಡೂ ಕಡೆಯ ಮಾತು.

ಇದೇಕೆ ಮುಖ್ಯ? 2017ರಿಂದ ಸರ್ಕಾರಿ ಕೇಂದ್ರಗಳಲ್ಲಿ ಹಂತಹಂತವಾಗಿ ದೊರೆಯತೊಡಗಿದ 'ಅಂತರಾ' ಚುಚ್ಚುಮದ್ದನ್ನು ಗಮನಿಸಿ. ಮೂರು ತಿಂಗಳಿಗೊಮ್ಮೆ ಪಡೆಯುವ ಇದರಿಂದ ಮುಟ್ಟು ಏರುಪೇರಾಗಬಹುದು, ನಿಂತೂ ಹೋಗಬಹುದು. ಇದು ಔಷಧದ ನಿರೀಕ್ಷಿತ ಪರಿಣಾಮ. ಮೊದಲೇ ತಿಳಿಸದಿದ್ದರೆ ಮಹಿಳೆ ಗರ್ಭ ನಿಂತಿತೆಂದೋ ರೋಗ ಬಂತೆಂದೋ ಹೆದರಿ ಚುಚ್ಚುಮದ್ದನ್ನೇ ಬಿಡುತ್ತಾಳೆ. ಪುರುಷರ ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರವೂ ಸುಮಾರು ಮೂರು ತಿಂಗಳು ಬೇರೊಂದು ವಿಧಾನ ಬಳಸಬೇಕು. ಈ ಒಂದು ವಾಕ್ಯ ಹೇಳದೆ ಉಳಿದರೆ, ಮುಂದೆ ಗರ್ಭ ನಿಂತಾಗ ಅನುಮಾನಕ್ಕೆ ಗುರಿಯಾಗುವವಳು ಹೆಂಡತಿ!

ಅಂಕಿಗಳನ್ನು ಹೇಳುವ ರೀತಿಯೂ ಸರಿಯಾಗಬೇಕು. ನುಂಗುವ ಗರ್ಭನಿರೋಧಕ ಮಾತ್ರೆ 'ಶೇಕಡಾ 99ಕ್ಕೂ ಹೆಚ್ಚು ಪರಿಣಾಮಕಾರಿ' ಎಂಬುದು ಒಂದು ದಿನವೂ ತಪ್ಪದಿದ್ದರೆ ಮಾತ್ರ ನಿಜ. ಸಾಮಾನ್ಯ ಬಳಕೆಯಲ್ಲಿ, ಮಾತ್ರೆ ನುಂಗುವ 100 ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು 7 ಮಂದಿ ಗರ್ಭಿಣಿಯರಾಗಬಹುದು. ಕಾಪರ್ ಟಿ ಬಳಸುವವರಲ್ಲಿ ಈ ಸಂಖ್ಯೆ ಒಂದಕ್ಕಿಂತ ಕಡಿಮೆ. ಬರಿಯ ಶೇಕಡಾವಾರಿಗಿಂತ 'ನೂರು ಜನರಲ್ಲಿ ಎಷ್ಟು ಮಂದಿ' ಎಂಬ ಮಾತು ಬೇಗ ಅರ್ಥವಾಗುತ್ತದೆ.

ಬಳಸುತ್ತಿರುವ ವಿಧಾನದ ಅಡ್ಡಪರಿಣಾಮಗಳನ್ನು ತಮಗೆ ತಿಳಿಸಲಾಗಿತ್ತು ಎಂದವರು 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 46.6, 2019-21ರಲ್ಲಿ ಶೇ. 62.4. ಪ್ರಗತಿಯೇನೋ ಸರಿ. ಆದರೆ ಈ ಅಳತೆಗೋಲಿನಲ್ಲೇ ಕೊರತೆಯಿದೆ. 'ಹೇಳಿದರೇ?' ಎಂದು ಅದು ಕೇಳುತ್ತದೆ, 'ತಿಳಿಯಿತೇ? ನಿಮ್ಮ ಸಂದೇಹ ಕೇಳಿಸಿಕೊಂಡರೇ?' ಎಂದು ಕೇಳುವುದಿಲ್ಲ. ತಾನು ಪಾಠ ಮಾಡಿದ್ದನ್ನೇ ವಿದ್ಯಾರ್ಥಿ ಕಲಿತದ್ದಕ್ಕೆ ಸಾಕ್ಷಿಯೆಂದು ಯಾವ ಶಿಕ್ಷಕರೂ ಒಪ್ಪುವುದಿಲ್ಲ. ಅದೇ ಸಮೀಕ್ಷೆಯ ಪ್ರಕಾರ ವಿವಾಹಿತ ಮಹಿಳೆಯರಲ್ಲಿ ಶೇ. 37.9 ಮಂದಿಯ ಕುಟುಂಬ ಯೋಜನಾ ವಿಧಾನ ತಮ್ಮದೇ ಸಂತಾನಹರಣ ಶಸ್ತ್ರಚಿಕಿತ್ಸೆ. ಗಂಡನಿಗೆ ಅದಾಗಿರುವುದು ಶೇ. 0.3 ಮಾತ್ರ. ಪುರುಷರದು ಇನ್ನೂ ಸರಳವಾದ ಶಸ್ತ್ರಚಿಕಿತ್ಸೆ. ಗಂಡ ಈ ಮಾತುಕತೆಯಿಂದ ಹೊರಗೇ ಉಳಿದಿದ್ದಾನೆಂದು ಅನ್ನಿಸುವುದಿಲ್ಲವೇ?

ಮಾತಿಲ್ಲದ ಒಪ್ಪಿಗೆ ಒಪ್ಪಿಗೆಯಲ್ಲ. 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸಪುರ ಜಿಲ್ಲೆಯ ಶಿಬಿರಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ಹತ್ತಕ್ಕೂ ಹೆಚ್ಚು ಮಹಿಳೆಯರು ಸತ್ತರು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಶಿಬಿರಗಳನ್ನು ಮೂರು ವರ್ಷಗಳಲ್ಲಿ ನಿಲ್ಲಿಸಬೇಕೆಂದೂ, ವಿವರಗಳನ್ನು ಅವರವರ ಭಾಷೆಯಲ್ಲಿ ತಿಳಿಸಬೇಕೆಂದೂ ನಿರ್ದೇಶಿಸಿತು.

ದೋಷವನ್ನೆಲ್ಲ ಆರೋಗ್ಯ ಕಾರ್ಯಕರ್ತೆಯರ ಮೇಲೆ ಹೊರಿಸುವುದು ನ್ಯಾಯವಲ್ಲ. ಸಾಲು ಉದ್ದವಿದ್ದಾಗ ಮಾತು ಗಿಡ್ಡವಾಗುತ್ತದೆ. ಮಾತಿಗೆ ಮರೆಯಾದ ಜಾಗ ಮತ್ತು ಸಮಯ ಕೊಡುವುದು ವ್ಯವಸ್ಥೆಯ ಹೊಣೆ. ಜೊತೆಗೆ ಖರ್ಚಿಲ್ಲದ ಒಂದು ಉಪಾಯವಿದೆ: 'ನಾನು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಒಮ್ಮೆ ಹೇಳಿ ನೋಡೋಣ' ಎನ್ನುವುದು. ಆಕೆಯ ಉತ್ತರ ತಪ್ಪಿದರೆ ತಿದ್ದಿಕೊಳ್ಳಬೇಕಾದದ್ದು ಹೇಳಿದವರ ವಿವರಣೆ. ತರಗತಿಯಲ್ಲಿ ನಾವು ದಿನವೂ ಬಳಸುವ ಈ ವಿಧಾನ ಆರೋಗ್ಯ ಕೇಂದ್ರಕ್ಕೂ ಸಲ್ಲುತ್ತದೆ.