ಇಲಿಯ ನಕ್ಷೆ ಮತ್ತು ‘ಮುಕ್ತ’ ಎಂಬ ಮಾತು

ವಿಜ್ಞಾನದ ಬರವಣಿಗೆಯನ್ನು ಸಾಹಿತ್ಯದಂತೆ ವಿಮರ್ಶಿಸುವ ರೂಢಿ ನಮ್ಮಲ್ಲಿ ಕಡಿಮೆ. ಅಲ್ಲಿ ಭಾಷೆ ಮಾಹಿತಿಯ ಮೂಟೆ ಹೊರುವ ಹಮಾಲಿ ಮಾತ್ರ ಎಂದು ತಿಳಿದಿದ್ದೇವೆ. ಆದರೆ ಜಾನ್ ಓಕೀಫ್ ಮತ್ತು ಜೊನಾಥನ್ ದಾಸ್ತ್ರೋವ್‌ಸ್ಕಿ 1971ರಲ್ಲಿ ಪ್ರಕಟಿಸಿದ ಪುಟ್ಟ ಲೇಖನದ ಶೀರ್ಷಿಕೆಯನ್ನೇ ನೋಡಿ. ಮೆದುಳಿನ ಹಿಪೊಕ್ಯಾಂಪಸ್ ಭಾಗವು ಸ್ಥಳದ ನಕ್ಷೆ ಎನ್ನುವ ಆ ಶೀರ್ಷಿಕೆ, ಅದಕ್ಕೆ ಪುರಾವೆ ಸಿಕ್ಕಿದ್ದು ‘ಮುಕ್ತವಾಗಿ ಚಲಿಸುವ ಇಲಿ’ಯಲ್ಲಿ ಎಂದೂ ಹೇಳುತ್ತದೆ. ನನ್ನ ತಕರಾರು ಈ ‘ಮುಕ್ತ’ದ ಬಗ್ಗೆ.

ಈ ಮಾತು ಪೂರ್ತಿ ಸುಳ್ಳಲ್ಲ. ಅದಕ್ಕೂ ಮೊದಲು ಮೆದುಳಿನ ಕೋಶಗಳ ಸದ್ದನ್ನು ಹೆಚ್ಚಾಗಿ ಅರಿವಳಿಕೆ ಕೊಟ್ಟ ಅಥವಾ ಕಟ್ಟಿಹಾಕಿದ ಪ್ರಾಣಿಗಳಲ್ಲಿ ಆಲಿಸುತ್ತಿದ್ದರು. 1958ರಲ್ಲಿ ಫೆಲಿಕ್ಸ್ ಸ್ಟ್ರಮ್‌ವಾಸರ್ ನೆಲದ ಅಳಿಲುಗಳ ಮೆದುಳಿಗೆ ಸಣ್ಣ ಉಕ್ಕಿನ ತಂತಿ ಇಳಿಸಿ, ಕಟ್ಟಿಹಾಕದ ಪ್ರಾಣಿಯಲ್ಲೂ ಒಂಟಿ ಕೋಶವನ್ನು ದಿನಗಟ್ಟಲೆ ಆಲಿಸಬಹುದೆಂದು ತೋರಿಸಿದರು. ‘ನಾನು ಎಲ್ಲಿದ್ದೇನೆ’ ಎಂಬುದಕ್ಕೆ ಸ್ಪಂದಿಸುವ ಕೋಶವನ್ನು, ಎಲ್ಲಿಗೂ ಹೋಗದ ಪ್ರಾಣಿಯಲ್ಲಿ ಹುಡುಕುವುದು ಹೇಗೆ? ಲಂಡನ್ನಿನಲ್ಲಿ ಓಕೀಫ್ ಆಲಿಸಿದ 76 ಕೋಶಗಳಲ್ಲಿ 8 ಮಾತ್ರ ನಿರ್ದಿಷ್ಟ ಜಾಗದಲ್ಲಿ ಚುರುಕಾಗುತ್ತಿದ್ದವು. ಲಿನ್ ನಡೆಲ್ ಜೊತೆ 1978ರಲ್ಲಿ ಬರೆದ ಪುಸ್ತಕದಲ್ಲಿ ಅವರು ಕಾಂಟ್‌ನ ಸ್ಥಳಚಿಂತನೆಯನ್ನೂ ಇಲಿಯ ನರಕೋಶವನ್ನೂ ಒಂದೇ ವಾದಕ್ಕೆ ತಂದರು. ಆ ಧೈರ್ಯ ದೊಡ್ಡದು. 2014ರ ನೊಬೆಲ್ ಮೋಸರ್ ದಂಪತಿಯ ಜೊತೆ ಅವರಿಗೆ ಬಂದದ್ದು ಸರಿಯೇ.

ಆದರೆ ಈ ಮುಕ್ತಿ ತಯಾರಾಗುವ ಬಗೆ ಏನು? ಇಲಿಗೆ ಅರಿವಳಿಕೆ ಕೊಟ್ಟು ತಲೆಬುರುಡೆಯಲ್ಲಿ ರಂಧ್ರ ಕೊರೆಯುತ್ತಾರೆ. ಕೂದಲಿಗಿಂತ ತೆಳುವಾದ ತಂತಿಗಳನ್ನು ಇಳಿಸಿ, ಹಲ್ಲಿನ ವೈದ್ಯರು ಬಳಸುವಂಥ ಸಿಮೆಂಟಿನಿಂದ ಬಿಗಿಯುತ್ತಾರೆ. ಗಾಯ ಮಾಗಿದ ಮೇಲೆ ಪುಟ್ಟ ತಿರುಪನ್ನು ಚೂರು ಚೂರೇ ತಿರುಗಿಸಿ ಕೋಶದ ಚಟಪಟ ಕೇಳುವವರೆಗೆ ತಂತಿಯನ್ನು ಕೆಳಗಿಳಿಸುತ್ತಾರೆ. ತಲೆಯಿಂದ ಯಂತ್ರಕ್ಕೆ ಕೇಬಲ್ಲು. ಚೂರು ತಿಂಡಿಗಾಗಿ ಇಲಿ ಓಡಾಡಲಿ ಎಂದು ಅನೇಕ ಪ್ರಯೋಗಗಳಲ್ಲಿ ಅದರ ಆಹಾರ ಇಳಿಸುತ್ತಾರೆ. ಕೊನೆಗೆ ತಂತಿಯ ತುದಿ ಎಲ್ಲಿತ್ತೆಂದು ನೋಡಲು ಇಲಿಯನ್ನು ಕೊಂದು ಮೆದುಳನ್ನು ತೆಳ್ಳಗೆ ಕತ್ತರಿಸುತ್ತಾರೆ. ಹಗ್ಗ ಉದ್ದವಿದೆ ಎಂದು ಯಾರೂ ಮೇಕೆಯನ್ನು ‘ಆಜಾದ್’ ಎನ್ನುವುದಿಲ್ಲ.

ಇಂಥ ಲೇಖನಗಳು ಕೊಲ್ಲುವುದಕ್ಕೆ ಬಳಸುವ ಇನ್ನೊಂದು ಮಾತು ‘ಬಲಿಕೊಡಲಾಯಿತು’. ಕೊಟ್ಟವರು ಯಾರೆಂದು ಆ ವ್ಯಾಕರಣ ಹೇಳುವುದಿಲ್ಲ. ಕೊಡುವವನು ತನ್ನದೇನನ್ನಾದರೂ ಕಳೆದುಕೊಂಡರೆ ತಾನೆ ಅದು ಬಲಿ, ಕುರ್ಬಾನಿ?

ಎದುರು ದಿಕ್ಕಿನ ಅತಿಯೂ ಉಂಟು. ಓಡುವಾಗ ಜೊತೆಯಾಗಿ ಮಿಡಿದ ಕೋಶಗಳು ನಂತರದ ನಿದ್ದೆಯಲ್ಲೂ ಜೊತೆಯಾಗಿ ಮಿಡಿಯುತ್ತವೆ ಎಂದು 1994ರಲ್ಲಿ ವಿಲ್ಸನ್ ಮತ್ತು ಮೆಕ್‌ನಾಟನ್ ತೋರಿಸಿದರು. ಇದನ್ನೇ ‘ಇಲಿ ಕನಸು ಕಂಡಿತು’ ಎಂದು ಹೇಳುವವರಿದ್ದಾರೆ. ತಂತಿ ದಾಖಲಿಸಿದ್ದು ಮಿಡಿತವನ್ನು, ಕನಸನ್ನಲ್ಲ. ಇಲಿಗೆ ಕನಸನ್ನು ಧಾರಾಳವಾಗಿ ದಯಪಾಲಿಸುವ ನಾವು ಅದರ ಹಸಿವಿನ ಮಾತು ಬಂದಾಗ ಜಿಪುಣರಾಗುತ್ತೇವೆ.

ಈ ಪ್ರಯೋಗಗಳೇ ಬೇಡ ಎಂಬುದು ನನ್ನ ವಾದವಲ್ಲ. ಆಲ್ಜೈಮರ್ ಮೊದಲು ಹಾಳುಮಾಡುವುದು ಹಿಪೊಕ್ಯಾಂಪಸ್ ಮತ್ತು ಅದರ ನೆರೆಯ ಭಾಗವನ್ನೇ. ಮನೆಯ ದಾರಿ ಮರೆತ ಹಿರಿಯರಿರುವ ಮನೆಗಳಿಗೆ ಈ ಅರಿವಿನ ಬೆಲೆ ಗೊತ್ತು. ಆದರೆ ನಡೆದ ದಾರಿಯನ್ನು ತಲೆಯಲ್ಲಿಟ್ಟುಕೊಳ್ಳುವ ಜೀವ ಬರೀ ಯಂತ್ರವಲ್ಲ ಎಂದು ಕಲಿಸಿದ್ದೂ ಇದೇ ಶೋಧ. ಹಾಗಾಗಿ ಇಲಿಯ ಬಗ್ಗೆ ತಿಳಿದಷ್ಟೂ ಅದರ ಋಣ ಹೆಚ್ಚುತ್ತದೆ. ಬುರುಡೆ, ತಂತಿ, ಹಸಿವಿನ ವಿವರಗಳನ್ನು ವಿಧಾನದ ಪುಟಕ್ಕೆ ತಳ್ಳಿ ಶೀರ್ಷಿಕೆಗೆ ‘ಮುಕ್ತ’ವನ್ನು ಮಾತ್ರ ಆರಿಸಿದರೆ ಆ ಋಣ ಲೆಕ್ಕದಿಂದ ಜಾರುತ್ತದೆ. ‘ತಂತಿ ಹೊತ್ತು ಓಡಾಡುವ ಇಲಿ’ ಎಂದು ಬರೆದಿದ್ದರೆ ಶೋಧದ ತೂಕ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುತ್ತಿರಲಿಲ್ಲ.